ಪುಟ್ಟಕ್ಕನ ಎಂಜಲು ಪರೀಕ್ಷೆ

ಪುಟ್ಟಕ್ಕನಿಗೆ ಸ್ಕಿಜೋಫ್ರೇನಿಯಾ ಇದೆ ಎನ್ನುವ ವಿಷಯ ಅವಳ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಶಬ್ದವನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಎದುರು ಮನೆಯವರು ಕೇಳಿದರೆ ಥೈರಾಯ್ಡು, ದೂರದ ನೆಂಟರು ಕೇಳಿದರೆ ನರದ ನಿಶ್ಶಕ್ತಿ, ಅಂಗಡಿಯಲ್ಲಿ ಕೇಳಿದರೆ ರಕ್ತ ಕಮ್ಮಿ. ಒಬ್ಬಳೇ ಹೆಂಗಸು ಇಷ್ಟೊಂದು ಕಾಯಿಲೆ ಇಟ್ಟುಕೊಂಡೂ ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತುತ್ತಾಳಲ್ಲ ಎಂದು ಬೀದಿಯವರಿಗೆ ಅವಳ ಮೇಲೆ ತುಂಬ ಗೌರವವಿತ್ತು.

ಅವಳು ಆ ಮನೆಯ ಹಿರಿಮಗಳು. ತೊದಲು ಮಾತಿನ ತಂಗಿ ಹಾಗೆ ಕರೆದದ್ದೇ ಎಲ್ಲರ ಬಾಯಲ್ಲೂ ಹೆಸರಾಯಿತು. ಅಕ್ಕ ಕೂಡ ಮುಂದೆ ಹೆಚ್ಚೇನೂ ಎತ್ತರ ಬೆಳೆಯದೆ ಆ ಹೆಸರಿನ ಮಾನ ಕಾಪಾಡಿದಳು. ಕೆಲಸ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ. ರೈಲು ಡಬ್ಬಿಯಂತೆ ಉದ್ದಕ್ಕಿದ್ದ ಆ ಅಂಗಡಿಯ ಮುಂಭಾಗದಲ್ಲಿ ಯಜಮಾನನ ಕುರ್ಚಿ, ಗೋಡೆ ತುಂಬ ಮಾದರಿಗೆಂದು ನೇತುಹಾಕಿದ ಚೌಕಟ್ಟಿನ ಮರದ ಮೂಲೆಗಳು. ಹಿಂಭಾಗದಲ್ಲಿ ಪುಟ್ಟಕ್ಕನ ಮೇಜು, ಅದರ ಮೇಲೊಂದು ಹಳೆಯ ಕಂಬಳಿ, ಗಾಜು ಕೊಯ್ಯುವ ಕಟರು, ಅಂಟಿನ ಡಬ್ಬಿ, ಸಣ್ಣ ಮೊಳೆಗಳು. ಮದುವೆಯಾದವರು, ಪದವಿ ಪಡೆದವರು, ತೀರಿಕೊಂಡವರು ಎಲ್ಲರೂ ಆ ಮೇಜಿಗೆ ಬರಬೇಕಿತ್ತು. ಬದುಕಿದ್ದಾಗ ಒಂದು ದಿನವೂ ನಗದಿದ್ದವರು ಅಲ್ಲಿ ಹಲ್ಲು ಬಿಟ್ಟುಕೊಂಡು ಗಾಜಿನ ಹಿಂದೆ ಸೇರುತ್ತಿದ್ದರು.

ಕಾಯಿಲೆ ಬಂದದ್ದು ಅವಳಿಗೆ ಮೂವತ್ತು ತುಂಬುವ ಮೊದಲು. ಇಬ್ಬರು ಗಂಡಸರು ಕ್ರಿಕೆಟ್ ಕಾಮೆಂಟರಿ ಹೇಳುವವರ ಹಾಗೆ ಅವಳು ಮಾಡಿದ್ದನ್ನೆಲ್ಲ ವರದಿ ಮಾಡತೊಡಗಿದರು. 'ಈಗ ಎದ್ದಳು. ನೀರು ಕುಡಿದಳು. ಲೋಟ ತೊಳೀದೆ ಇಟ್ಟಳು, ನೋಡು.' ಮನೆಯಲ್ಲಿ ಅಂಥ ಗಂಡಸರು ಯಾರೂ ಇರಲಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಪುಟ್ಟಕ್ಕ ಅಮ್ಮನಿಗೆ ಹೇಳಿದಳು. ಅಮ್ಮ ಮೊದಲು ಕೇಳಿದ್ದು, ಲೋಟದ ವಿಷಯದಲ್ಲಿ ಅವರು ಹೇಳಿದ್ದು ನಿಜ ತಾನೇ ಎಂದು. ಆಮೇಲೆ, ಮಹಡಿಯ ಬಾಡಿಗೆಯವನು ನೀರಿನ ಟ್ಯಾಂಕಿಗೆ ಏನೋ ಬೆರೆಸುತ್ತಿದ್ದಾನೆಂದು ಪುಟ್ಟಕ್ಕ ನೀರನ್ನೂ ಬಿಟ್ಟು ಕೂತಾಗ ಅಮ್ಮ ಅವಳ ಕೈ ಹಿಡಿದು ಹೊರಟಳು. ಆಸ್ಪತ್ರೆಗೆ ಹೋದರು.

ಅಲ್ಲಿನ ಡಾಕ್ಟರಮ್ಮ ಬೇರೆ ಕಾಯಿಲೆ ಏನಾದರೂ ಇರಬಹುದೇ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಬಾಯಿ ತೆರೆಸಿ ಅಂಗುಳ ನೋಡಿದರು, ಹುಟ್ಟಿದಾಗ ಹೃದಯದ ತೊಂದರೆ ಏನಾದರೂ ಇತ್ತೇ ಎಂದು ಕೇಳಿದರು. ಮಿಕ್ಕಂತೆ ಅವರು ಮಾಡಿದ್ದೆಲ್ಲ ಮಾತು. ಪುಟ್ಟಕ್ಕನ ಜೊತೆ ಮಾತು, ಅಮ್ಮನ ಜೊತೆ ಮಾತು, ಮತ್ತೆ ಬರಹೇಳಿ ಮತ್ತೆ ಮಾತು. ತಿಂಗಳುಗಟ್ಟಲೆ ನೋಡಿ ಕೊನೆಗೆ ಕಾಯಿಲೆಯ ಹೆಸರು ಹೇಳಿದರು, ಮಾತ್ರೆ ಕೊಟ್ಟರು. ಮಾತ್ರೆಗೆ ಆ ಇಬ್ಬರು ಗಂಡಸರು ದೂರ ಸರಿದು, ಪಕ್ಕದ ಮನೆಯ ರೇಡಿಯೊದಷ್ಟಾಗಿ, ಕೊನೆಗೆ ಸುಮ್ಮನಾದರು.

ಮಗಳು ಸುಧಾರಿಸಿದಳು. ಕುಟುಂಬಕ್ಕೆ ಮಾತ್ರ ಸಮಾಧಾನವಾಗಲಿಲ್ಲ.

"ಬರೀ ಮಾತಾಡಿ ರೋಗ ಹೇಳೋದು ಎಂಥಾ ಡಾಕ್ಟರಿಕೆ?" ಎಂದಳು ದೊಡ್ಡತ್ತೆ, ಅಂದರೆ ಅಪ್ಪನ ಅಕ್ಕ. "ಒಂದು ಫೋಟೊ ತೆಗೀಲಿಲ್ಲ, ತಲೆಗೊಂದು ವೈರು ಹಚ್ಚಲಿಲ್ಲ. ಮಾತಾಡಿಯೇ ಕಂಡುಹಿಡಿಯೋದಾದ್ರೆ ನಾನೂ ಹೇಳ್ತಿದ್ದೆ. ಅಂಗುಳ ನೋಡ್ತಾರಂತೆ, ಅಂಗುಳ! ಇವರೇನು ಹಲ್ಲಿನ ಡಾಕ್ಟರಾ?"

ದೊಡ್ಡತ್ತೆ ಹೊಲಿಗೆ ಕಲಿಸುವ ಟೀಚರಾಗಿ ನಿವೃತ್ತಳಾದವಳು. ಅವಳ ಎದುರಾಳಿ ಪುಟ್ಟಕ್ಕನ ಸೋದರಮಾವ, ಬಸ್ ಡಿಪೋದಲ್ಲಿ ಬಸ್ಸುಗಳ ವೇಳೆ ನೋಡಿಕೊಂಡಿದ್ದವನು. ಅಂಥ ಕೆಲಸದಲ್ಲಿದ್ದೂ ಎಲ್ಲಿಗೂ ಸರಿಯಾದ ವೇಳೆಗೆ ಹೋದವನಲ್ಲ, ಭಾನುವಾರ ಸಂಜೆ ತನ್ನ ತಂಗಿಯ, ಅಂದರೆ ಪುಟ್ಟಕ್ಕನ ಅಮ್ಮನ, ಮನೆಗೆ ಚಹಾಕ್ಕೆ ಬರುವುದೊಂದನ್ನು ಬಿಟ್ಟು. ದೊಡ್ಡತ್ತೆಯೂ ಅದೇ ಹೊತ್ತಿಗೆ ಬರುತ್ತಿದ್ದಳು. ಇಬ್ಬರಿಗೂ ವರ್ಷಗಳಿಂದ ಒಂದೇ ವಿಷಯ: ಹುಡುಗಿಗೆ ಈ ಕಾಯಿಲೆ ಯಾರ ಕಡೆಯಿಂದ ಬಂತು?

"ನಮ್ಮ ಮನೆತನದಲ್ಲಿ ಯಾರಿಗೂ ಇರ್ಲಿಲ್ಲ," ಎನ್ನುತ್ತಿದ್ದಳು ದೊಡ್ಡತ್ತೆ. "ನೋಡಿ ಇವ್ರೇ, ನಿಮ್ಮ ತಾತ ಕಾಗೆ ಜೊತೆ ಮಾತಾಡ್ತಿದ್ರು ಅಂತ ನೀವೇ ಹೇಳಿದ್ದು."

"ಮಾತಾಡ್ತಿದ್ರು, ನಿಜ. ಕಾಗೆ ತಿರುಗಿ ಮಾತಾಡ್ತಿತ್ತು ಅಂತ ಹೇಳಿದ್ರಾ? ನಿಮ್ಮ ಚಿಕ್ಕಪ್ಪ ಏನು ಮಾಡಿದ್ರು? ಕೊಡೆ ಹಿಡ್ಕೊಂಡು ರೈಲ್ವೆ ಸ್ಟೇಷನ್ನಿಗೆ ಹೋಗಿ ವಾರಗಟ್ಟಲೆ ಅಲ್ಲೇ ನಿಂತಿರ್ಲಿಲ್ವಾ?"

"ಅವ್ರು ರೈಲಿಗೆ ಕಾಯ್ತಿದ್ರು!"

"ಯಾವ ರೈಲಿಗಮ್ಮಾ? ರೈಲೆಲ್ಲಾ ಬಂದು ಬಂದು ಹೋಗ್ತಿತ್ತು."

ಈ ವಾಗ್ವಾದ ನಡೆಯುತ್ತಿದ್ದುದು ಪುಟ್ಟಕ್ಕನ ಎದುರೇ, ಅವಳು ತಂದಿಟ್ಟ ಚಹಾ ಹೀರುತ್ತಲೇ. ಅವಳಿಗೆ ಬೇಸರವಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದಲೇ 'ಹುಡುಗಿ' ಎನ್ನುತ್ತಿದ್ದರು, ಹೆಸರು ಎತ್ತುತ್ತಿರಲಿಲ್ಲ. ಅಷ್ಟು ಸೂಕ್ಷ್ಮ ಮನಸ್ಸು ಅವರದು. ಹುಡುಗಿಗೆ ಆಗಲೇ ನಲವತ್ತು ದಾಟಿ ಕನ್ನಡಕ ಬಂದಿತ್ತು.

ಈ ಜಗಳವನ್ನು ವಿಜ್ಞಾನದ ಮೂಲಕ ಬಗೆಹರಿಸಿದ ಕೀರ್ತಿ ಮನೆಯ ಅಳಿಯಂದಿರಿಗೆ ಸಲ್ಲಬೇಕು. ಪುಟ್ಟಕ್ಕನ ತಂಗಿಯ ಗಂಡನಾದ ಅವರು ನೀರು ಶುದ್ಧ ಮಾಡುವ ಯಂತ್ರಗಳ ಮಾರಾಟಗಾರರು. ನೀರಿನಲ್ಲಿ ಕಣ್ಣಿಗೆ ಕಾಣದ ಏನೇನಿದೆ ಎಂದು ಹೇಳಿ ಹೇಳಿ, ಕಣ್ಣಿಗೆ ಕಾಣದ ಎಲ್ಲದರ ಬಗ್ಗೆಯೂ ಅವರಿಗೆ ಅಧಿಕಾರ ಬಂದುಬಿಟ್ಟಿತ್ತು. ಒಂದು ಭಾನುವಾರ ಅವರು ಹೊಳೆಯುವ ಪೆಟ್ಟಿಗೆಗಳನ್ನು ತಂದು ಮೇಜಿನ ಮೇಲೆ ಜೋಡಿಸಿದರು. ಪ್ರತಿಯೊಂದರ ಮೇಲೂ ನಗುತ್ತಿರುವ ಒಂದು ಕುಟುಂಬದ ಚಿತ್ರ. ಆ ಕುಟುಂಬದಲ್ಲಿ ಯಾರಿಗೂ ಯಾವ ಕಾಯಿಲೆಯೂ ಇದ್ದ ಹಾಗೆ ಕಾಣಲಿಲ್ಲ.

"ಇದು ಜೀನ್ ಪರೀಕ್ಷೆ," ಎಂದರು ಅಳಿಯಂದಿರು. "ಈ ಕೊಳವೇಲಿ ಉಗೀಬೇಕು, ಅಷ್ಟೇ. ಕಂಪನಿಯವರು ನೋಡಿ, ಯಾರಿಗೆ ಯಾವ ಕಾಯಿಲೆ ಎಷ್ಟು ಬರೋ ಹಾಗಿದೆ ಅಂತ ಹೇಳಿಬಿಡ್ತಾರೆ. ಮನಸ್ಸಿನ ಕಾಯಿಲೆನೂ ಸೇರಿದೆ. ಡಾಕ್ಟರು ತಿಂಗಳುಗಟ್ಟಲೆ ಮಾತಾಡಿ ಹೇಳೋದನ್ನ ಎಂಜಲು ಹೇಳತ್ತೆ."

"ಯಾರ ಕಡೆಯಿಂದ ಬಂತು ಅಂತಾನೂ ಹೇಳತ್ತಾ?" ಎಂದಳು ದೊಡ್ಡತ್ತೆ.

"ನೀವೂ ಉಗುಳಿ, ಮಾವನೂ ಉಗುಳ್ಲಿ. ಗೊತ್ತಾಗೇ ಆಗತ್ತೆ."

ಅಷ್ಟು ವರ್ಷಗಳಿಂದ ಒಬ್ಬರ ಮುಖಕ್ಕೆ ಒಬ್ಬರು ಉಗುಳಬೇಕೆಂದಿದ್ದವರು ಅಂದು ಪಕ್ಕಪಕ್ಕದಲ್ಲಿ ಕೂತು ಕೊಳವೆಗೆ ಉಗುಳಿದರು. ಅದಕ್ಕೆ ಮೊದಲು ಸ್ವಲ್ಪ ಹೊತ್ತು ಏನೂ ತಿನ್ನಬಾರದು, ಕುಡಿಯಬಾರದು ಎಂಬ ನಿಯಮವಿತ್ತು. ಚಹಾ ಇಲ್ಲದ ಆ ಸಂಜೆ ದೊಡ್ಡತ್ತೆಯ ಬಾಯಿ ಜೀವಮಾನದಲ್ಲಿ ಮೊದಲ ಸಲ ಒಣಗಿತು. ಕೊಳವೆಯ ಗೆರೆಯವರೆಗೆ ತುಂಬಲು ಅವಳು ಪಟ್ಟ ಪಾಡು ನೋಡಿ ಮಾವನಿಗೆ ಖುಷಿಯೋ ಖುಷಿ. ಮಿಕ್ಕಿದ್ದ ಒಂದು ಕೊಳವೆ ದಂಡವಾಗಬಾರದೆಂದು ಅಳಿಯಂದಿರೂ ಉಗುಳಿದರು. ಅಮ್ಮ ಮಾತ್ರ ಒಲ್ಲೆ ಎಂದು ಅಡುಗೆಮನೆ ಸೇರಿದಳು.

ಪುಟ್ಟಕ್ಕ ಎಲ್ಲರಿಗಿಂತ ಮೊದಲೇ ಉಗುಳಿ ಮುಚ್ಚಳ ಬಿಗಿದಿದ್ದಳು. ಅವಳಿಗೆ ಯಾರ ಕಡೆಯಿಂದ ಬಂತೆಂಬ ಚಿಂತೆ ಇರಲಿಲ್ಲ. ಅವಳ ಬಲಗೈ ಸಣ್ಣಗೆ ನಡುಗುತ್ತಿತ್ತು. ಅದು ಮಾತ್ರೆಯ ನಡುಕ. ಕಟರು ಗಾಜಿನ ಮೇಲೆ ಒಂದೇ ಎಳೆತಕ್ಕೆ ಹೋಗಬೇಕು. ನಡುವೆ ಕೈ ಅಲುಗಿದರೆ ಗಾಜು ತನಗೆ ಬೇಕಾದ ಕಡೆ ಒಡೆಯುತ್ತದೆ. ದೊಡ್ಡ ಕೆಲಸಗಳನ್ನು ಯಜಮಾನ ಮೆಲ್ಲಗೆ ಅವಳ ಕೈ ತಪ್ಪಿಸತೊಡಗಿದ್ದ. ಮೈಯೂ ಊದಿಕೊಂಡಿತ್ತು. ಅದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಬಹುದಿತ್ತು. ಆದರೆ ತಪಾಸಣೆಗೆ ಹೋದಾಗಲೆಲ್ಲ ಜೊತೆಗೆ ಅಮ್ಮ ಇರುತ್ತಿದ್ದಳು. ಹೇಗಿದ್ದೀಯಾ ಎಂದು ಡಾಕ್ಟರಮ್ಮ ಕೇಳಿದರೆ "ಚೆನ್ನಾಗಿದಾಳೆ" ಎಂದು ಅಮ್ಮನೇ ಉತ್ತರಿಸಿ, ಎದ್ದು, ಚೀಲ ಹೆಗಲಿಗೇರಿಸುತ್ತಿದ್ದಳು. ಹೀಗಾಗಿ ಪುಟ್ಟಕ್ಕನ ಆಸೆಯೆಲ್ಲ ಕೊಳವೆಯೊಳಗೆ ಹೋಯಿತು. ನಿನಗೆ ಏನೂ ಇಲ್ಲ ಎಂದು ಯಾರಾದರೂ ಹೇಳಲಿ, ಯಂತ್ರವಾದರೂ ಹೇಳಲಿ ಎಂದು.

ಯಂತ್ರ ಹೇಳಿತು. ಕೆಲವು ವಾರಗಳ ನಂತರ ಫಲಿತಾಂಶ ಅಳಿಯಂದಿರ ಫೋನಿಗೆ ಬಂತು. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಬಣ್ಣದ ಪಟ್ಟಿ: ಹಸಿರು ಎಂದರೆ ನಿಶ್ಚಿಂತೆ, ಹಳದಿ ಎಂದರೆ ಎಲ್ಲರ ಹಾಗೆ, ಕೆಂಪು ಎಂದರೆ ಹುಷಾರು. ಅಳಿಯಂದಿರು ನಡುಮನೆಯಲ್ಲಿ ನಿಂತು ಓದಿದರು. ದೊಡ್ಡತ್ತೆ, ಹಳದಿ. ಮಾವ, ಹಳದಿ.

"ಎರಡರಲ್ಲಿ ಯಾರದು ಜಾಸ್ತಿ ಹಳದಿ?" ಎಂದಳು ದೊಡ್ಡತ್ತೆ.

"ಎರಡೂ ಒಂದೇ, ಅತ್ತೆ."

ಇಬ್ಬರ ಮುಖವೂ ಹುಳ್ಳಗಾಯಿತು. ಎದುರಾಳಿಯ ಜೊತೆ ಸಮನಾಗುವುದಕ್ಕೆ ಯಾರಾದರೂ ಅಷ್ಟು ಕಷ್ಟಪಟ್ಟು ಉಗುಳುತ್ತಾರೆಯೇ?

"ಪುಟ್ಟಕ್ಕ..." ಅಳಿಯಂದಿರು ಕನ್ನಡಕ ಸರಿಪಡಿಸಿಕೊಂಡರು. "ಹಸಿರು! ಅಕ್ಕಾ, ನಿಮ್ಮದು ಹಸಿರು! ನೋಡಿ, ಸ್ಕಿಜೋ... ಅದೇ, ಆ ಕಾಯಿಲೆ. ಸರಾಸರಿಗಿಂತ ಕಮ್ಮಿ ಅಪಾಯ ಅಂತ ಬರೆದಿದಾರೆ. ಇವರಿಗೆಲ್ಲಾ ಇರೋದಕ್ಕಿಂತ ಕಮ್ಮಿ!"

ಅಮ್ಮ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತು ಅತ್ತಳು. ದೊಡ್ಡತ್ತೆ ಎದ್ದು ಬಂದು ಪುಟ್ಟಕ್ಕನ ಗಲ್ಲ ಸವರಿದಳು. "ನಾನು ಅವತ್ತೇ ಹೇಳಿರ್ಲಿಲ್ವಾ? ಆ ಡಾಕ್ಟರಿಗೆ ಏನೂ ಗೊತ್ತಿಲ್ಲ ಅಂತ. ಸುಮ್ಮನೆ ಮಗೂಗೆ ವರ್ಷಾನುಗಟ್ಟಲೆ ಮಾತ್ರೆ ತಿನ್ನಿಸಿದ್ರು." ಮಾವ ಜೀವನದಲ್ಲಿ ಮೊದಲ ಬಾರಿಗೆ ದೊಡ್ಡತ್ತೆಯ ಮಾತಿಗೆ ತಲೆಯಾಡಿಸಿದ.

"ಮಶೀನ್ ತಪ್ಪು ಮಾಡಲ್ಲ," ಎಂದು ಸಾರಿದರು ಅಳಿಯಂದಿರು. "ಮನುಷ್ಯರು ಮಾಡ್ತಾರೆ. ಮಶೀನ್ ಮಾಡಲ್ಲ."

"ನಿಮ್ಮದೇನು ಬಂತು?" ಎಂದಳು ಅವರ ಹೆಂಡತಿ.

ಅಳಿಯಂದಿರು ಫೋನನ್ನು ಕೆಳಗೆ ಸರಿಸಿದರು. ಹೆಂಡತಿ ಇಣುಕಿ ನೋಡಿದಳು. ಪಟ್ಟಿ ಟೊಮೆಟೊ ಹಣ್ಣಿನಷ್ಟು ಕೆಂಪಗಿತ್ತು.

"ಇದು... ಕೊಳವೆಗೆ ಏನೋ ಸೇರಿರಬೇಕು," ಎಂದರು ಅಳಿಯಂದಿರು. "ಮಶೀನಲ್ಲೂ ಒಂದೊಂದ್ಸಲ ಹೀಗಾಗತ್ತೆ."

ಮರುದಿನದಿಂದ ಪುಟ್ಟಕ್ಕ ಮಾತ್ರೆ ಬಿಟ್ಟಳು. ಡಾಕ್ಟರಮ್ಮನನ್ನು ಒಂದು ಮಾತು ಕೇಳೋಣ ಎಂದು ಅಮ್ಮ ಅಂದದ್ದುಂಟು. ಕಳ್ಳನನ್ನೇ ಕೇಳಿ ಬೀಗ ಹಾಕ್ತೀರಾ ಎಂದು ದೊಡ್ಡತ್ತೆ ಬಾಯಿ ಮುಚ್ಚಿಸಿದಳು.

ಮೊದಲ ದಿನಗಳು ಹಬ್ಬದಂತಿದ್ದವು. ಪುಟ್ಟಕ್ಕ ಬೆಳಿಗ್ಗೆ ಯಾರೂ ಎಬ್ಬಿಸದೆ ಎದ್ದಳು. ಕೈಯ ನಡುಕ ನಿಂತಿತು. ಅಂಗಡಿಯ ಯಜಮಾನ ನೋಡುತ್ತಿರುವಾಗಲೇ ಅವಳು ಬಾಗಿಲಿನಷ್ಟು ದೊಡ್ಡ ಗಾಜನ್ನು ಒಂದೇ ಎಳೆತಕ್ಕೆ ಗೀರಿ, ಮೇಜಿನ ಅಂಚಿಗೆ ತಂದು, ಟಕ್ಕೆಂದು ಮುರಿದಳು. ಅಂಚು ನೀರಿನಂತೆ ನುಣುಪಾಗಿತ್ತು. "ಏನಮ್ಮಾ, ರಕ್ತ ಬಂತಾ?" ಎಂದ ಯಜಮಾನ ಮೆಚ್ಚಿ. ರಕ್ತ ಕಮ್ಮಿಯ ಕಥೆಯನ್ನು ಅವನು ಪಾಪ ನಂಬಿದ್ದ. ಅವಳು ನಕ್ಕಳು. ಅಂಥ ನಗು ಅವಳ ಮುಖದ ಮೇಲೆ ಬಂದು ಬಹಳ ಕಾಲವಾಗಿತ್ತು. ಅದನ್ನು ಮಾತ್ರ ಹಾಸ್ಯ ಮಾಡಲು ಮನಸ್ಸು ಬರುವುದಿಲ್ಲ.

ಆಮೇಲೆ ನಿದ್ದೆ ಕಮ್ಮಿಯಾಯಿತು. ಕಟ್ಟು ಹಾಕಲು ಬಂದ ಫೋಟೊಗಳಲ್ಲಿದ್ದವರು ಒಬ್ಬೊಬ್ಬರಾಗಿ ಗೊಣಗತೊಡಗಿದರು. ಕೆಲವರಿಗೆ ಚೌಕಟ್ಟಿನ ಬಣ್ಣ ಹಿಡಿಸಲಿಲ್ಲ, ಕೆಲವರಿಗೆ ಪಕ್ಕದವರು ಹಿಡಿಸಲಿಲ್ಲ. ಪುಟ್ಟಕ್ಕ ಮೊದಲು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ತನಗೆ ಏನೂ ಇಲ್ಲ ಎಂದು ಯಂತ್ರವೇ ಹೇಳಿದ ಮೇಲೆ ಇದು ಕಾಯಿಲೆಯಾಗಲು ಹೇಗೆ ಸಾಧ್ಯ? ಕಾಯಿಲೆಯಲ್ಲವಾದರೆ ಇವರು ನಿಜವಾಗಿಯೂ ಮಾತನಾಡುತ್ತಿದ್ದಾರೆ ಎಂದಾಯಿತು. ಹಿಂದೆಲ್ಲ ದನಿಗಳು ಬಂದರೆ, ಇದು ಕಾಯಿಲೆ, ಮಾತ್ರೆಗೆ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳಲು ಒಂದು ಆಸರೆ ಇತ್ತು. ಹಸಿರು ಪಟ್ಟಿ ಅದನ್ನೂ ಕಿತ್ತುಕೊಂಡಿತ್ತು.

ಒಂದು ದೊಡ್ಡ ಕುಟುಂಬದ ಗುಂಪು ಫೋಟೊ ಬಂದಿತ್ತು. ಎರಡನೆಯ ಸಾಲಿನ ಒಬ್ಬ ದಪ್ಪ ಮೀಸೆಯವನು ತನ್ನನ್ನು ಅಲ್ಲಿಂದ ಬಿಡಿಸು ಎಂದು ಬೆಳಗಿನಿಂದ ಗೋಗರೆಯುತ್ತಿದ್ದ. ಅವಳು ಫೋಟೊದ ಸುತ್ತ ಹಾಕುವ ದಪ್ಪ ರಟ್ಟಿನಲ್ಲಿ ಅವನ ಅಳತೆಗೆ ಸರಿಯಾಗಿ ಒಂದು ತುಂಡು ಕತ್ತರಿಸಿ ಅವನ ಮೇಲೆ ಅಂಟಿಸಿ, ಗಾಜು ಮುಚ್ಚಿ, ಕಂದು ಕಾಗದ ಸುತ್ತಿ ಕೊಟ್ಟುಬಿಟ್ಟಳು. ಮನೆಯವರು ತಿರುಗಿ ಬಂದು ಕೂಗಾಡಿದರು. ಯಜಮಾನ ಹಿಂದಕ್ಕೆ ಹೋಗಿ ನೋಡಿದರೆ ಅಲ್ಲಿದ್ದ ಎಲ್ಲ ಫೋಟೊಗಳೂ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದವು. ಪುಟ್ಟಕ್ಕ ಮೇಜಿನ ಕೆಳಗೆ ಕೂತಿದ್ದಳು.

"ಏನಮ್ಮಾ ಇದು?"

"ಅವರೇ ಕೇಳ್ಕೊಂಡ್ರು," ಎಂದಳು ಅವಳು. "ಉಸಿರು ಕಟ್ತಿದೆ ಅಂದ್ರು. ನಾನೇನು ಮಾಡ್ಲಿ?"

ಯಜಮಾನ ಅಂಗಡಿ ಮುಚ್ಚಿ, ಅವಳನ್ನು ತಾನೇ ಮನೆಗೆ ಕರೆತಂದು ಬಿಟ್ಟ. ಆ ಸಂಜೆ ಭಾನುವಾರವಲ್ಲದಿದ್ದರೂ ಎಲ್ಲರೂ ಸೇರಿದರು. ಆಗ ನಡೆದ ಚರ್ಚೆಯನ್ನು ವಿಜ್ಞಾನದ ಇತಿಹಾಸದಲ್ಲಿ ಸೇರಿಸಬೇಕು. ಒಳಕೋಣೆಯಲ್ಲಿ ಪುಟ್ಟಕ್ಕ ಕಿವಿ ಮುಚ್ಚಿಕೊಂಡು ಯಾರಿಗೋ ಉತ್ತರ ಕೊಡುತ್ತಿದ್ದಳು. ನಡುಮನೆಯಲ್ಲಿ ಅಳಿಯಂದಿರು ಫೋನು ಹಿಡಿದು ಹೇಳಿದರು, "ರಿಪೋರ್ಟ್ ಪ್ರಕಾರ ಇದು ಆಗೋಕೆ ಸಾಧ್ಯನೇ ಇಲ್ಲ."

"ಆಗ್ತಾ ಇದೆಯಲ್ಲಾ!" ಎಂದಳು ತಂಗಿ.

"ಆಗ್ತಾ ಇರೋ ಹಾಗೆ ಕಾಣ್ತಿದೆ. ಅಭ್ಯಾಸ ಬಲ. ಇಷ್ಟು ವರ್ಷ ರೋಗಿ ಅಂತ ನಂಬ್ಕೊಂಡು ಬಂದಿದಾರಲ್ಲ."

"ಹಟ," ಎಂದಳು ದೊಡ್ಡತ್ತೆ. "ಬರೀ ಹಟ. ಎಲ್ಲರೂ ತನ್ನನ್ನೇ ನೋಡ್ಕೋಬೇಕು ಅಂತ."

"ಒಂದು ವಾರ ಬಿಟ್ಟು ನೋಡೋಣ," ಎಂದ ಮಾವ. ಬಸ್ಸು ತಡವಾದಾಗ ಡಿಪೋದಲ್ಲಿ ಅವನು ಜನರಿಗೆ ಹೇಳುತ್ತಿದ್ದ ಮಾತೂ ಅದೇ ಧಾಟಿಯದು.

ಹೀಗೆ ಬಿಟ್ಟು ನೋಡಿದರು. ಹಸಿರು ಪಟ್ಟಿಯ ಮೇಲಿನ ಗೌರವಕ್ಕಾಗಿ ಒಬ್ಬ ಹೆಂಗಸು ಊಟ ಬಿಟ್ಟದ್ದನ್ನು, ನೀರು ಬಿಟ್ಟದ್ದನ್ನು, ತಲೆಗೂದಲನ್ನು ತಾನೇ ಅಡ್ಡಾದಿಡ್ಡಿ ಕತ್ತರಿಸಿಕೊಂಡದ್ದನ್ನು ಅಭ್ಯಾಸ ಬಲವೆಂದು ಕರೆದರು. ಒಂದು ಬೆಳಿಗ್ಗೆ ಅಮ್ಮ ಬಚ್ಚಲ ಬಾಗಿಲು ತಳ್ಳಿದಾಗ ಪುಟ್ಟಕ್ಕ ಬಟ್ಟೆಯ ಸಮೇತ ತಣ್ಣೀರು ಸುರಿಯುವ ನಲ್ಲಿಯ ಕೆಳಗೆ ನಿಂತಿದ್ದಳು. ತುಟಿ ನೀಲಿಗಟ್ಟಿತ್ತು. "ನೀರಿನ ಸದ್ದಲ್ಲಿ ಅವರು ಸ್ವಲ್ಪ ಕಮ್ಮಿ ಕೇಳಿಸ್ತಾರಮ್ಮಾ," ಎಂದಳು. ಅಷ್ಟು ಹೇಳಿ, ಅಮ್ಮನಿಗೆ ತೊಂದರೆ ಕೊಟ್ಟೆನಲ್ಲ ಎನ್ನುವ ಹಾಗೆ ನಗಲು ನೋಡಿದಳು.

ಅಮ್ಮ ಅವಳನ್ನು ಒರೆಸಿ, ಬಟ್ಟೆ ಬದಲಿಸಿ, ತನ್ನ ಸ್ವೆಟರು ತೊಡಿಸಿ, ಚಪ್ಪಲಿ ಮೆಟ್ಟಿಸಿ ಹೊರಡಿಸಿದಳು. ಅಷ್ಟರಲ್ಲಿ ಅಳಿಯಂದಿರು ಬಂದಿದ್ದರು. "ಅತ್ತೇ, ದುಡುಕಬೇಡಿ. ಬೇರೆ ಕಂಪನಿದು ಇನ್ನೊಂದು ಟೆಸ್ಟ್ ಇದೆ..." ಎಂದು ಅಡ್ಡ ನಿಂತರು.

"ಅಳಿಯಂದ್ರೇ, ಸ್ವಲ್ಪ ಆ ಕಡೆ ನಿಲ್ಲಿ," ಎಂದಳು ಅಮ್ಮ. "ನಿಮ್ಮ ಮಶೀನಿಗೆ ಕೇಳಿಸ್ತಿಲ್ಲ ಅಂತ ನನ್ನ ಮಗಳಿಗೂ ಕೇಳಿಸ್ತಿಲ್ಲ ಅನ್ನೋಕೆ ನನ್ನಿಂದ ಆಗಲ್ಲ. ಆಟೋ ಕರೀತೀರೋ, ನಾನೇ ಕರೀಲೋ?"

ಆ ಮನೆಯಲ್ಲಿ ಅಳಿಯಂದಿರಿಗೆ ಯಾರೂ ಅಷ್ಟು ನೆಟ್ಟಗೆ ಮಾತನಾಡಿದ್ದಿಲ್ಲ. ಅವರು ಓಡಿ ಹೋಗಿ ಆಟೋ ಕರೆದರು.

ಆಸ್ಪತ್ರೆಯಲ್ಲಿ ಪುಟ್ಟಕ್ಕನನ್ನು ಸೇರಿಸಿಕೊಂಡರು. ಡಾಕ್ಟರಮ್ಮನ ಕೂದಲು ಬೆಳ್ಳಗಾಗಿತ್ತು, ಮಾತಿನ ಅಭ್ಯಾಸ ಮಾತ್ರ ಹಾಗೇ ಇತ್ತು. ಮೊದಲು ಪುಟ್ಟಕ್ಕನ ಹಾಸಿಗೆಯ ಪಕ್ಕ ಕೂತು ಅವಳಿಂದ ಕೇಳಿ ತಿಳಿದರು. ಮರುದಿನ ಕುಟುಂಬದವರನ್ನು ಕರೆಸಿದರು. ಎಲ್ಲರೂ ಬಂದರು, ತಪ್ಪು ಮತ್ತೊಬ್ಬರ ಮೇಲೆ ಬೀಳುವುದನ್ನು ನೋಡುವ ಅವಕಾಶ ಕಳೆದುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಅಳಿಯಂದಿರು ಫೋನು ಚಾಚಿದರು. ಡಾಕ್ಟರಮ್ಮ ಬಣ್ಣದ ಪಟ್ಟಿಗಳನ್ನೆಲ್ಲ ದಾಟಿ, ತುದಿಗೆ ಇರುವೆ ಸಾಲಿನಂಥ ಅಕ್ಷರಗಳಿದ್ದ ಕಡೆ ಬಂದು ನಿಂತು ಜೋರಾಗಿ ಓದಿದರು: ಈ ಪರೀಕ್ಷೆಯಿಂದ ಯಾವುದೇ ಕಾಯಿಲೆ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಬಾರದು.

"ಅದು ಎಲ್ಲಾ ಕಂಪನಿಯವರೂ ಹಾಕ್ತಾರೆ, ಮೇಡಂ," ಎಂದರು ಅಳಿಯಂದಿರು. "ನಾವೂ ಹಾಕ್ತೀವಿ."

"ನೋಡಿ, ಈ ಕಾಯಿಲೇಲಿ ಜೀನ್‌ಗಳ ಪಾತ್ರ ಇಲ್ಲ ಅಂತ ನಾನು ಹೇಳಲ್ಲ," ಎಂದರು ಡಾಕ್ಟರಮ್ಮ. "ಇದೆ. ಆದ್ರೆ ಒಂದು ಜೀನ್ ಅಲ್ಲ. ನೂರಾರು ಕಡೆ ಸಣ್ಣ ಸಣ್ಣ ವ್ಯತ್ಯಾಸ, ಒಂದೊಂದೂ ಒಂಚೂರು ತಳ್ಳತ್ತೆ ಅಷ್ಟೇ. ಎಲ್ಲಾ ಕೂಡಿಸಿ ಅಂಕ ಹಾಕಬಹುದು. ಆ ಅಂಕ ಸಾವಿರಾರು ಜನರ ಗುಂಪಿನ ಬಗ್ಗೆ ಏನೋ ಒಂದಷ್ಟು ಹೇಳತ್ತೆ. ಇವಳೊಬ್ಬಳ ಬಗ್ಗೆ ಹೇಳಲ್ಲ. ಕಮ್ಮಿ ಅಂಕ ಇದ್ದವರಿಗೂ ಕಾಯಿಲೆ ಬರತ್ತೆ. ಜಾಸ್ತಿ ಇದ್ದವರಲ್ಲಿ ಬಹಳಷ್ಟು ಜನಕ್ಕೆ ಬರೋದೇ ಇಲ್ಲ. ಒಂದೇ ಅಚ್ಚಿನ ಅವಳಿ ಮಕ್ಕಳಲ್ಲೇ ಒಬ್ಬರಿಗೆ ಬಂದ್ರೆ ಇನ್ನೊಬ್ಬರಿಗೆ ಎಷ್ಟೋ ಸಲ ಬರಲ್ಲ."

"ಹಾಗಾದ್ರೆ ಜೀನ್ ಪರೀಕ್ಷೆ ಅನ್ನೋದೇ ಸುಳ್ಳಾ?" ಎಂದ ಮಾವ.

"ಹಾಗಲ್ಲ. ಕ್ರೋಮೊಸೋಮಿನ ಒಂದು ತುಂಡೇ ಇಲ್ಲದೆ ಹುಟ್ಟಿದ ಕೆಲವರು ಇರ್ತಾರೆ. ಅಂಥವರಿಗೆ ಈ ಕಾಯಿಲೆ ಬರೋದು ಹೆಚ್ಚು, ಅದನ್ನ ಪರೀಕ್ಷೆ ಮಾಡಿಸ್ತೀವಿ. ಆದ್ರೆ ಅವರಿಗೆ ಸಾಮಾನ್ಯವಾಗಿ ಹೃದಯದ ತೊಂದರೆ, ಅಂಗುಳ ಸೀಳಿರೋದು, ಕಲಿಯೋದು ತಡ ಆಗೋದು, ಇಂಥದ್ದೂ ಇರತ್ತೆ. ಅದಕ್ಕೇ ಮೊದಲೇ ಅಂಗುಳ ನೋಡಿದ್ದು."

ದೊಡ್ಡತ್ತೆ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದಳು. ಆದರೂ ಮುಖ್ಯ ಪ್ರಶ್ನೆ ಬಿಡಲು ಮನಸ್ಸಾಗಲಿಲ್ಲ. "ಅಂದ್ರೆ ಯಾರ ಕಡೆಯಿಂದ ಬಂದದ್ದು ಅಂತ...?"

"ಎರಡೂ ಕಡೆಯಿಂದ ಚೂರು ಚೂರು ಬಂದಿರಬಹುದು. ಜೀನ್ ಅಲ್ಲದ ಕಾರಣಗಳೂ ಇರ್ತವೆ. ಅದನ್ನ ತಿಳ್ಕೊಂಡು ಏನು ಮಾಡ್ತೀರಾ?"

ಏನು ಮಾಡುವುದೆಂದು ಇಬ್ಬರೂ ಯೋಚಿಸಿರಲಿಲ್ಲ. ಎಷ್ಟೋ ವರ್ಷ ಹೊಡೆದಾಡಿದ ಮೇಲೆ ಇಬ್ಬರೂ ಪಾಲುದಾರರು ಎಂದು ತೀರ್ಪು ಬಂದರೆ ಯಾರಿಗೆ ತಾನೇ ಸಹ್ಯವಾದೀತು?

ಎಲ್ಲರೂ ಎದ್ದ ಮೇಲೆ ಅಳಿಯಂದಿರು ಒಬ್ಬರೇ ಹಿಂದೆ ಉಳಿದರು. ಬಾಗಿಲು ಮುಚ್ಚಿದೆಯೇ ಎಂದು ನೋಡಿ ಮೆಲ್ಲಗೆ ಕೇಳಿದರು, "ಮೇಡಂ, ನನ್ನದು ಕೆಂಪು ಬಂದಿದೆ."

"ನೋಡಿದೆ."

"ಒಂದು ತಿಂಗಳಿಂದ ನಾನು ಸರಿಯಾಗಿ ಮಲಗಿಲ್ಲ. ಯಾವಾಗ ಕೇಳಿಸತ್ತೋ ಅಂತ ಕಿವಿ ಕೊಟ್ಕೊಂಡೇ ಇರ್ತೀನಿ."

"ಏನಾದ್ರೂ ಕೇಳಿಸ್ತಾ?"

"ಹೆಂಡತಿ ಬೈಯೋದು ಬಿಟ್ಟು ಇನ್ನೇನೂ ಇಲ್ಲ."

"ಅದು ಹೊರಗಿನ ದನಿ," ಎಂದರು ಡಾಕ್ಟರಮ್ಮ. "ಕಾರಣನೂ ಇದೆ. ಮನೆಗೆ ಹೋಗಿ ಮಲಗಿ."

ಪುಟ್ಟಕ್ಕನಿಗೆ ಇಷ್ಟು ಬೇಗ ಬಿಡುಗಡೆ ಸಿಗಲಿಲ್ಲ. ಹಳೆಯ ಮಾತ್ರೆ ಮತ್ತೆ ಶುರುವಾದರೂ ಫೋಟೊದವರು ಅಷ್ಟು ಸುಲಭವಾಗಿ ಬಾಯಿ ಮುಚ್ಚಲಿಲ್ಲ. ಹಲವು ವಾರ ಅವಳು ವಾರ್ಡಿನಲ್ಲಿದ್ದಳು. ದನಿಗಳು ತಗ್ಗಿದ ಮೇಲೆ ಒಂದು ಮಧ್ಯಾಹ್ನ ಡಾಕ್ಟರಮ್ಮ ಅಮ್ಮನನ್ನು ಹೊರಗೆ ಕೂರಿಸಿ, ಅವಳೊಬ್ಬಳನ್ನೇ ಕೇಳಿದರು: "ಇಷ್ಟು ವರ್ಷ ತಪ್ಪದೆ ತಗೊಂಡಿದ್ದೆ. ರಿಪೋರ್ಟ್ ಬಂದ ತಕ್ಷಣ ಬಿಟ್ಟೆ. ಅಷ್ಟೊಂದು ಬಿಡಬೇಕು ಅನ್ನಿಸ್ತಾ?"

ಪುಟ್ಟಕ್ಕ ಬಲಗೈಯನ್ನು ಮೇಜಿನ ಮೇಲೆ ಚಾಚಿದಳು. ಬೆರಳುಗಳು ಸಣ್ಣಗೆ ಅಲುಗುತ್ತಿದ್ದವು.

"ಈ ಕೈಯಲ್ಲಿ ಗಾಜು ಕೊಯ್ಯೋಕೆ ಆಗಲ್ಲ, ಮೇಡಂ. ಯಜಮಾನ್ರು ಬೈಯಲ್ಲ. ಬೈದಿದ್ರೆ ಪರ್ವಾಗಿರ್ಲಿಲ್ಲ. ಸುಮ್ಮನೆ ಕೆಲಸ ಎತ್ಕೊಂಡು ಬೇರೆಯವರಿಗೆ ಕೊಡ್ತಾರೆ."

"ಇದು ಯಾವಾಗಿಂದ?"

"ಬಹಳ ದಿನದಿಂದ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಹೇಗಿದ್ದೀಯಾ ಅಂತ ಕೇಳ್ತಿದ್ರಿ. ಅಮ್ಮ ಚೆನ್ನಾಗಿದಾಳೆ ಅಂತಿದ್ರು. ನಾನು ಮಧ್ಯೆ ಬಾಯಿ ಹಾಕೋದು ಹೇಗೆ ಅಂತ..."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ನಿನ್ನ ಕೈ ನೋಡಬೇಕಿತ್ತು," ಎಂದರು. ಮಾತಾಡಿಯೇ ರೋಗ ಕಂಡುಹಿಡಿಯುವವರು ರೋಗಿಯ ಜೊತೆ ಮಾತಾಡುವುದನ್ನೇ ಮರೆತಿದ್ದರು ಎಂದು ಯಾರಾದರೂ ಕುಟುಕಬಹುದು; ಅವರು ತಾವೇ ಕುಟುಕಿಕೊಂಡಂತೆ ಕಂಡಿತು. ಬೇರೆ ಮಾತ್ರೆ ಇತ್ತು. ಹಳೆಯದನ್ನು ನಿಧಾನವಾಗಿ ಇಳಿಸುತ್ತ ಹೊಸದನ್ನು ನಿಧಾನವಾಗಿ ಏರಿಸಿದರು. ಕೈಯ ನಡುಕ ಪೂರ್ತಿ ನಿಲ್ಲಲಿಲ್ಲ, ಆದರೆ ಬಹುಮಟ್ಟಿಗೆ ನಿಂತಿತು. ಇನ್ನು ಮುಂದೆ ತಪಾಸಣೆಗೆ ಅಮ್ಮ ಹೊರಗಿನ ಬೆಂಚಿನವರೆಗೆ ಮಾತ್ರ ಬರಬಹುದು ಎಂದು ತೀರ್ಮಾನವಾಯಿತು. ಅಮ್ಮ ಒಂದು ದಿನ ಮುನಿಸಿಕೊಂಡು, ಮರುದಿನ ಬೆಂಚಿನ ಮೇಲೆ ಹೊಸ ಗೆಳತಿಯರನ್ನು ಸಂಪಾದಿಸಿದಳು.

ಅಂಗಡಿಗೆ ತಿರುಗಿ ಹೋಗುವ ದಿನ ಪುಟ್ಟಕ್ಕ ಒಂದು ಬಸ್ಸು ಬಿಟ್ಟು ಮುಂದಿನದನ್ನು ಹತ್ತಿದಳು. ಕತ್ತರಿಸಿಕೊಂಡಿದ್ದ ಕೂದಲಿನ್ನೂ ಒಂದೇ ಸಮನಾಗಿರಲಿಲ್ಲ. ಯಜಮಾನ ಅವಳನ್ನು ನೋಡಿ ಕುರ್ಚಿಯಿಂದ ಎದ್ದ. ಏನೋ ದೊಡ್ಡ ಮಾತು ಹೇಳುವವನಂತೆ ಗಂಟಲು ಸರಿಮಾಡಿಕೊಂಡು, "ಅಂಟು ಎಲ್ಲಿಟ್ಟಿದೀಯಮ್ಮಾ, ಹುಡುಕಿ ಸಾಕಾಯ್ತು," ಎಂದ. ಹಿಂದೆ ಹೋಗಿ ನೋಡಿದರೆ ಅವಳಿಲ್ಲದಾಗ ಅವನೇ ಹಾಕಿದ ಕಟ್ಟುಗಳು ಸಾಲಾಗಿ ನಿಂತಿದ್ದವು. ಒಂದರ ಮೂಲೆಯೂ ಕೂಡಿರಲಿಲ್ಲ. ಅವಳು ಕಂಬಳಿ ಕೊಡವಿ, ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡಿದಳು.

ಭಾನುವಾರದ ಚಹಾ ಮುಂದುವರಿಯಿತು. ಹುಡುಗಿಗೆ ಕಾಯಿಲೆ ಯಾರ ಕಡೆಯಿಂದ ಬಂತೆಂಬ ವಿಷಯ ಹಳತಾಗಿ, ಮಾತ್ರೆ ಬಿಡಿಸಿದ್ದು ಯಾರು ಎಂಬ ಹೊಸ ವಿಷಯ ಸಿಕ್ಕಿತ್ತು. ಇದರಲ್ಲೂ ಎರಡೂ ಕಡೆಯವರು ಸಮಬಲರು. ಅಂಥ ಒಂದು ಸಂಜೆ ಎಲ್ಲರೂ ಕೂತಿದ್ದಾಗ ಅಳಿಯಂದಿರ ಫೋನು ಮೊಳಗಿತು. ಪರೀಕ್ಷೆಯ ಕಂಪನಿಯವರು. ಅಳಿಯಂದಿರು ಫೋನನ್ನು ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಮೇಜಿನ ಮೇಲೆ ಬಿಟ್ಟರು. ದೊಡ್ಡತ್ತೆ ಕಂಪನಿಯವರನ್ನು ಬೈಯಲು ಕೈ ಚಾಚುವಷ್ಟರಲ್ಲಿ ಪುಟ್ಟಕ್ಕ ಅದನ್ನು ಎತ್ತಿಕೊಂಡು ಹಲೋ ಎಂದಳು. ಮುಂಬಾಗಿಲು ತೆರೆದಿತ್ತು, ಎದುರು ಮನೆಯಾಕೆ ಹೊಸ್ತಿಲಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದಳು.

"ನಮಸ್ತೆ ಮೇಡಂ," ಎಂದಿತು ಸಕ್ಕರೆಯಂಥ ಒಂದು ದನಿ. "ನಮ್ಮ ಸೇವೆ ನಿಮಗೆ ಇಷ್ಟ ಆಯ್ತಾ ಅಂತ ತಿಳ್ಕೊಳ್ಳೋಕೆ ಫೋನ್ ಮಾಡಿದ್ದು."

"ನೀವು ನಂದು ಹಸಿರು ಅಂತ ಕಳಿಸಿದ್ರಿ," ಎಂದಳು ಪುಟ್ಟಕ್ಕ.

"ತುಂಬಾ ಸಂತೋಷ, ಮೇಡಂ! ಅಭಿನಂದನೆಗಳು!"

"ನನಗೆ ಸ್ಕಿಜೋಫ್ರೇನಿಯಾ ಇದೆ."

ನಡುಮನೆಯಲ್ಲಿ ಲೋಟಗಳೆಲ್ಲ ಬಾಯಿಯ ಹತ್ತಿರವೇ ನಿಂತವು.

"ಮೇಡಂ, ಅದು... ನನ್ನ ಹತ್ರ 'ತೃಪ್ತಿ ಇದೆ', 'ತೃಪ್ತಿ ಇಲ್ಲ' ಅಂತ ಎರಡೇ ಬಟನ್ ಇರೋದು. ಯಾವುದು ಒತ್ಲಿ?"

"ನಿಮಗೆ ಯಾವುದು ಸುಲಭವೋ ಅದು ಒತ್ತಿ," ಎಂದಳು ಪುಟ್ಟಕ್ಕ. "ಆದ್ರೆ ಬೇರೆ ಯಾರಾದ್ರೂ ನನ್ನಂಥವರು ಕೇಳಿದ್ರೆ, ಹಸಿರು ಬಂತು ಅಂತ ಮಾತ್ರೆ ಬಿಡಬೇಡಿ ಅಂತ ಹೇಳಿ. ಅಷ್ಟು ಮಾಡ್ತೀರಾ?"

"ಅದನ್ನ ಹೇಳೋಕೆ ನಮಗೆ ಪರ್ಮಿಷನ್ ಇಲ್ಲ, ಮೇಡಂ," ಎಂದಳು ಆ ಹುಡುಗಿ. ಮತ್ತೆ ದನಿ ತಗ್ಗಿಸಿ, "ಆದ್ರೂ ಹೇಳ್ತೀನಿ," ಎಂದು ಫೋನಿಟ್ಟಳು.

ಅಮ್ಮ ಅಷ್ಟರಲ್ಲಿ ಬಾಗಿಲು ಮುಚ್ಚಲೆಂದು ಎದ್ದು ನಿಂತಿದ್ದಳು. ಎದುರು ಮನೆಯಾಕೆ ಮಡಿಸುತ್ತಿದ್ದ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಇತ್ತಲೇ ನೋಡುತ್ತಿದ್ದಳು. ಅಮ್ಮ ಬಾಗಿಲ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು. ಆಮೇಲೆ ಅದನ್ನು ಹಾಗೇ ತೆರೆದು ಬಿಟ್ಟು, "ಚಹಾ ಮಾಡಿದೀನಿ, ಬನ್ನಿ," ಎಂದು ಅವಳನ್ನೂ ಕರೆದಳು.